ಖಾಲಿ ಕೊಡ

ಆ ಊರಿನಲ್ಲಿ ಖಾಲಿ ಕೊಡ ಹಿಡಿದು ಯಾರೂ ಮನೆಯ ಹೊಸಿಲು ದಾಟುತ್ತಿರಲಿಲ್ಲ. ದಾಟಿದರೆ ಮನೆಗೆ ಕೇಡು. ಯಾಕೆ ಎಂದು ಕೇಳಿದ ಮಕ್ಕಳಿಗೆ ತಲೆಯ ಮೇಲೊಂದು ಮೊಟಕು ಬೀಳುತ್ತಿತ್ತು. ಉತ್ತರ ಅಷ್ಟೇ.

ಊರು ಕಡಲ ದಂಡೆಯಲ್ಲಿತ್ತು. ಮನೆಗೊಂದು ಬಾವಿ. ಕಡಲು ಕೂಗಳತೆಯಲ್ಲಿದ್ದರೂ ಬಾವಿಯ ನೀರು ಸಿಹಿ. ಅದು ಊರಿನ ಭಾಗ್ಯ. ಅದೇ ಊರಿನ ಗ್ರಹಚಾರ.

ಯಾಕೆಂದರೆ ಕುಂಪಣಿ ಬಂತು. ವ್ಯಾಪಾರಕ್ಕೆಂದು ಬಂತು. ಮೆಣಸು ಕೊಂಡಿತು. ಜಾಗ ಕೊಂಡಿತು. ಜಾಗದಲ್ಲಿ ತನ್ನ ಕೋಠಿ ಕಟ್ಟಿತು, ಕೆಳಗೆ ಉಗ್ರಾಣ, ಮೇಲೆ ಮಹಡಿ. ಕೋಠಿಯ ಅಂಗಳದಲ್ಲಿ ಮನೆಯಷ್ಟು ದೊಡ್ಡ ಕಲ್ಲಿನ ತೊಟ್ಟಿ ಕಟ್ಟಿತು. ಆಮೇಲೆ ಡಂಗುರ ಹೊಡೆಸಿತು. ಇನ್ನು ಮೇಲೆ ಊರಿನ ಕಾವಲು ಕುಂಪಣಿಯದು. ಅದಕ್ಕೆ ಕರ, ಮನೆಗೊಂದು ಕೊಡ ನೀರು, ದಿನಾ ಬೆಳಿಗ್ಗೆ.

ಯಾರಿಂದ ಕಾವಲು ಎಂದು ಒಬ್ಬ ಕೇಳಿದನಂತೆ. ಡಂಗುರದವನಿಗೆ ಅಷ್ಟೆಲ್ಲ ಹೇಳಿಕೊಟ್ಟಿರಲಿಲ್ಲ. ಅವನು ಮತ್ತೊಮ್ಮೆ ಡಂಗುರ ಹೊಡೆದ.

ಮೊದಲ ದಿನ ಊರಿಗೆ ಊರೇ ಕೊಡ ಹೊತ್ತು ಹೋಯಿತು. ತೊಟ್ಟಿಗೆ ಸುರಿಯಿತು. ಸುರಿದು ಅಲ್ಲೇ ನಿಂತಿತು. ಸೂರ್ಯ ನೆತ್ತಿಗೆ ಬಂದರೂ ಒಬ್ಬರೂ ಕದಲಲಿಲ್ಲ. ಕೋಠಿಯ ದೊರೆ ಮಹಡಿಯಿಂದ ನೋಡಿ ಹೆದರಿದ. ದಂಗೆ ಎದ್ದರೇನೋ ಎಂದುಕೊಂಡು ದುಭಾಷಿಯನ್ನು ಕರೆದ. ದುಭಾಷಿ ಎಂದರೆ ಎರಡೂ ಮಾತು ಬಲ್ಲವನು. ಅವನು ಹೇಳಿದ, "ದಂಗೆ ಅಲ್ಲ ದೊರೆ, ಆಚಾರ. ಇವರು ಖಾಲಿ ಕೊಡ ಹಿಡಿದು ಮನೆಗೆ ಹೋಗೋದಿಲ್ಲ."

ದೊರೆ ನಕ್ಕ. ಒಂದು ಸೌಟು ತರಿಸಿದ. ಪ್ರತಿ ಕೊಡಕ್ಕೂ ಒಂದೊಂದು ಸೌಟು ನೀರು ಹಾಕಿಸಿದ. ಆಚಾರ ಕೆಡಬಾರದೆಂದು ಬಾಗಿಲ ಮೇಲೆ ಒಂದೇ ಸಾಲಿನ ಅಪ್ಪಣೆ ಕೆತ್ತಿಸಿದ. ಖಾಲಿ ಕೊಡ ಈ ಬಾಗಿಲು ದಾಟಕೂಡದು. ಅದನ್ನು ನೋಡಿಕೊಳ್ಳಲು ಒಬ್ಬ ಬಾಗಿಲವನನ್ನು ಇಟ್ಟ.

ಜನರ ಕಣ್ಣಲ್ಲಿ ನೀರು ಬಂತು. "ನಮ್ಮ ಆಚಾರ ಬಲ್ಲ ದೊರೆ" ಎಂದರು. ಕೊಟ್ಟದ್ದು ಒಂದು ಕೊಡ ಎಂಬುದು ಮನೆ ಸೇರುವ ಹೊತ್ತಿಗೆ ಮರೆತಿತ್ತು. ಸಿಕ್ಕಿದ್ದು ಒಂದು ಸೌಟು ಎಂಬುದು ಮೊಮ್ಮಕ್ಕಳ ಕಾಲಕ್ಕೂ ನೆನಪಿತ್ತು.

ದೊರೆಗಳು ಬಂದರು, ಹೋದರು. ತೊಟ್ಟಿ ದೊಡ್ಡದಾಯಿತು. ಸೌಟು ಸಣ್ಣದಾಯಿತು. ಮೊದಲು ಅರ್ಧ ತೆಂಗಿನ ಚಿಪ್ಪು. ಆಮೇಲೆ ಮರದ ಸೌಟು. ಆಮೇಲೆ ಸಾರು ಬಡಿಸುವ ಸೌಟು. ಕಡೆಗೆ ದೇವರ ಮನೆಯಲ್ಲಿ ತೀರ್ಥ ಕೊಡುತ್ತಾರಲ್ಲ, ಆ ಉದ್ಧರಣೆ. ಹೆಸರು ಮಾತ್ರ ಸೌಟೇ ಉಳಿಯಿತು. ಉದ್ಧರಣೆ ಬಂದ ಮೇಲೆ ಜನ ಅದನ್ನು ಕಣ್ಣಿಗೆ ಒತ್ತಿಕೊಳ್ಳಲೂ ಶುರು ಮಾಡಿದರು.

ಈಗ ಸೌಟು ಹಿಡಿದಿದ್ದವನು ಒಬ್ಬ ಮುದುಕ. ಅವನ ಅಪ್ಪನೂ ಸೌಟಿನವನೇ. ಮಾತು ಕಡಿಮೆ. ಬೆಳಕು ಹರಿಯುವಾಗ ತನ್ನ ಮನೆಯ ಕೊಡವನ್ನು ತಾನೇ ಹೊತ್ತು ತಂದು ಮೊದಲು ಸುರಿಯುತ್ತಿದ್ದ. ಆಮೇಲೆ ತೊಟ್ಟಿಯ ಕಟ್ಟೆಯ ಮೇಲೆ ನಿಲ್ಲುತ್ತಿದ್ದ. ಜನ ಬರುತ್ತಿದ್ದರು. ಕೊಡ ಸುರಿಯುವ ಸದ್ದು. ಉದ್ಧರಣೆಯ ಹನಿ ಕೊಡದ ತಳಕ್ಕೆ ಬೀಳುವ ಸದ್ದು. "ಹೋಗು." ಮತ್ತೆ ಕೊಡ ಸುರಿಯುವ ಸದ್ದು. ಮತ್ತೆ ಹನಿ. "ಹೋಗು." ಬಾಗಿಲಲ್ಲಿ ಬಾಗಿಲವನು ಪ್ರತಿ ಕೊಡದ ಒಳಗೆ ಇಣುಕುತ್ತಿದ್ದ. ಅವನಿಗೆ ಕಣ್ಣು ಮಂಜು. ಕೊಡವನ್ನು ಅಲುಗಿಸಿ, ತಳದಲ್ಲಿ ಏನೋ ಹೊಳೆದರೆ, "ಇದೆ, ನಡಿ" ಎನ್ನುತ್ತಿದ್ದ.

ಸೌಟಿನವನಿಗೆ ಇದೆಲ್ಲ ರೋಸಿಹೋಗಿತ್ತು. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕುಂಪಣಿಯ ಮೇಲೆ ಇರಬಹುದು. ಉದ್ಧರಣೆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುವವರನ್ನು ಕಂಡಾಗ ಮಾತ್ರ ಹಲ್ಲು ಕಡಿಯುತ್ತಿದ್ದ.

ಆ ವರ್ಷ ಅವನ ಮಗಳು ಹೆರಿಗೆಗೆ ತವರಿಗೆ ಬಂದಳು. ಗಂಡು ಮಗು ಹುಟ್ಟಿತು. ಅದೇ ವರ್ಷ ಬಾವಿಗಳು ಕೆಳಗಿಳಿದವು. ಸೌಟಿನವನ ಬಾವಿಯಲ್ಲಿ ದಿನಕ್ಕೆ ಎರಡು ಕೊಡ ಊರಿದರೆ ಹೆಚ್ಚು. ಒಂದು ಕೊಡ ಕುಂಪಣಿಗೆ. ಇನ್ನೊಂದು ಅನ್ನಕ್ಕೆ, ಕುಡಿಯಲಿಕ್ಕೆ. ಬಾಣಂತಿಯ ನೀರಿಗೆ ಏನೂ ಇಲ್ಲ.

ಬಾಣಂತಿಗೆ ಬಿಸಿನೀರು ಹಾಕಲಿಲ್ಲ ಎಂದರೆ ಅದು ಬಾಣಂತನವೇ ಅಲ್ಲ. ಹಂಡೆ ಒಲೆಯ ಮೇಲೆ ಬರಿದಾಗಿ ಕೂತಿತ್ತು. ಮಗುವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಮಗು ಕಿರಿಕಿರಿ ಮಾಡುತ್ತಿತ್ತು. ಬಾಣಂತಿಗೆ ಮೈಯೆಲ್ಲ ನೋವು. ಹಾಲು ಇಳಿಯಲಿಲ್ಲ.

"ದಿನಾ ತೊಟ್ಟಿ ಪಕ್ಕ ನಿಂತಿರ್ತೀರಿ" ಎಂದಳು ಸೌಟಿನವನ ಹೆಂಡತಿ. "ಕಣ್ಣೆದುರಿಗೆ ಅಷ್ಟು ನೀರು. ಮಗಳಿಗೆ ಒಂದು ಹಂಡೆ ಕಾಯಿಸೋಕೆ ಗತಿ ಇಲ್ಲ."

"ಹೂಂ."

"ಹೂಂ ಅಂದ್ರೆ ಏನು? ಹಂಡೆ ಬೇಡ. ದಿನಾ ಒಯ್ದು ಸುರೀತೀರಲ್ಲ, ಆ ಒಂದು ಕೊಡ ಬಿಟ್ಟುಕೊಡಲಿ. ನಾನು ಸುಧಾರಿಸ್ತೀನಿ. ಮೈಗೆ ಬಿಸಿನೀರು ಬಿದ್ರೆ ತಾನೆ ಹಾಲು ಇಳಿಯೋದು. ಹೋಗಿ ಕೇಳಿ. ಬಾಯಿ ಇರೋದು ಯಾಕೆ?"

ಸೌಟಿನವನು ದುಭಾಷಿಯ ಹತ್ತಿರ ಹೋದ. ಈಗಿನ ದುಭಾಷಿ ಆ ಹಳೆಯ ದುಭಾಷಿಯ ವಂಶದವನೇ. ಮೈತುಂಬ ಬಿಳಿ ಅಂಗಿ. ಕೋಠಿಯ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ.

"ಮಗಳು ಬಾಣಂತಿ. ಒಂದು ತಿಂಗಳು ನನ್ನ ಕೊಡ ಬಿಟ್ಟುಬಿಡಿ."

"ಬಿಡೋದಾ?" ದುಭಾಷಿ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. "ನಿನಗೆ ಬಿಟ್ಟರೆ ಊರಲ್ಲಿ ನಾಳೆಯಿಂದ ಹೆಂಗಸರೆಲ್ಲ ಬಸುರಿಯರೇ ಆಗ್ತಾರೆ."

"ಬಿಡೋದಿಲ್ಲ ಅಂದ್ರೆ ತೊಟ್ಟಿಯಿಂದ ಕೊಡಿ. ಜನರಿಗೋಸ್ಕರ ಖರ್ಚು ಮಾಡ್ತೀವಿ ಅಂತ ಡಂಗುರ ಹೊಡೆಸ್ತೀರಲ್ಲ."

"ಮಾಡ್ತಿದ್ದೀವಲ್ಲ. ನಿನ್ನ ಕೈಯಿಂದಲೇ ಮಾಡಿಸ್ತಿದ್ದೀವಿ. ಸೌಟು ಹಾಕೋನು ನೀನೇ ತಾನೆ?"

"ಅದು ಉದ್ಧರಣೆ."

"ಸೌಟು ಅನ್ನಬೇಕು" ಎಂದ ದುಭಾಷಿ. ಆದರೂ ಎದ್ದ. ಹಳೆಯ ನೌಕರ ಎಂಬ ದಾಕ್ಷಿಣ್ಯಕ್ಕೆ ಅವನನ್ನು ಮಹಡಿಗೆ ಕರೆದೊಯ್ದ.

ದೊರೆ ಒಳ್ಳೆಯವನು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಕಳಿಸುತ್ತಿದ್ದ, ಕೆಲಸ ಬೇಗ ಮುಗಿಯುತ್ತಿತ್ತು. ಇವನು ಕೂರಲು ಹೇಳಿದ. ಮಗುವಿನ ಹೆಸರು ಕೇಳಿದ. ಇನ್ನೂ ಇಟ್ಟಿಲ್ಲ ಎಂದಾಗ ಸಂತೋಷಪಟ್ಟ. ಆಮೇಲೆ ಕಿಟಕಿಯ ಹತ್ತಿರ ಕರೆದು ತೊಟ್ಟಿಯನ್ನು ತೋರಿಸಿ, ನೀರು ಎಲ್ಲೆಲ್ಲಿ ಹೋಗುತ್ತದೆ ಎಂದು ಸಮಾಧಾನವಾಗಿ ವಿವರಿಸಿದ. ದುಭಾಷಿ ಒಂದೊಂದನ್ನೇ ಕನ್ನಡಕ್ಕೆ ಇಳಿಸಿದ.

ಹಡಗುಗಳಿಗೆ ಕುಡಿಯುವ ನೀರು ಬೇಕು. ಹಡಗು ಹೋಗದಿದ್ದರೆ ಕುಂಪಣಿ ಇಲ್ಲ, ಕುಂಪಣಿ ಇಲ್ಲದಿದ್ದರೆ ಊರಿಗೆ ಕಾವಲಿಲ್ಲ. ಹಡಗಿನ ಅಟ್ಟ ತೊಳೆಯಬೇಕು. ಕುದುರೆಗಳ ಮೈ ತೊಳೆಯಬೇಕು. ತೊಟ್ಟಿ ಕಾಯುವವರಿಗೆ ನೀರು ಬೇಕು, ಅವರು ನಿದ್ದೆ ಮಾಡದ ಹಾಗೆ ಕಾಯುವವರಿಗೂ ಬೇಕು. ದೊರೆಸಾನಿಯ ಹೂದೋಟ ಬೇರೆ ಸೀಮೆಯ ಹೂಗಳದು, ಅವಕ್ಕೆ ಈ ಸೆಕೆ ಒಗ್ಗುವುದಿಲ್ಲ. ಅಂಗಳದಲ್ಲಿ ಕಲ್ಲಿನ ಮೀನು ಬಾಯಿಂದ ನೀರು ಚಿಮ್ಮಿಸುತ್ತದೆ. ಅದು ಸೌಟು ಶುರು ಮಾಡಿದ ಮೊದಲ ದೊರೆಯ ನೆನಪಿಗೆ. ಅದನ್ನು ನಿಲ್ಲಿಸಿದರೆ ಊರಿಗೇ ಅವಮಾನ.

"ತೊಟ್ಟಿ ದೊಡ್ಡದು ಮಾಡಿಸಿದೆವು. ಯಾರಿಗೋಸ್ಕರ?" ಎಂದು ದೊರೆ ಕೇಳಿದ. "ನಿಮಗೋಸ್ಕರ. ಇನ್ನೂ ಹೆಚ್ಚು ನೀರು ತಂದರೆ ಸುರಿಯಲು ಜಾಗ ಬೇಡವೇ?"

ಸೌಟಿನವನು ದೊರೆಯ ಮುಖ ನೋಡಿದ. ತಮಾಷೆಯಲ್ಲ. ದೊರೆ ನಿಜವಾಗಿಯೇ ಹೇಳುತ್ತಿದ್ದ.

"ಮಗುವಿಗೆ ಮೈ ತೊಳೆಯೋಕೆ ನೀರಿಲ್ಲ" ಎಂದ ಸೌಟಿನವನು.

ದುಭಾಷಿ ಅದನ್ನು ಆ ಕಡೆಯ ಮಾತಿಗೆ ತಿರುಗಿಸಿದ. ದೊರೆಯ ಮುಖ ಮರುಕದಿಂದ ಕುಗ್ಗಿತು. ಅವನು ಬಹಳ ಹೊತ್ತು ಯೋಚಿಸಿದ. ಆಮೇಲೆ ಏನೋ ಹೇಳಿದ. ದುಭಾಷಿ ನಗುನಗುತ್ತಾ ತಿರುಗಿದ.

"ನಿನ್ನ ಪುಣ್ಯ. ಇವತ್ತಿನಿಂದ ಹೊಸದಾಗಿ ಹುಟ್ಟಿದ ಪ್ರತಿ ಮಗುವಿಗೂ ಕುಂಪಣಿಯಿಂದ ದಿನಕ್ಕೊಂದು ಸೌಟು ಹೆಚ್ಚಿಗೆ."

ದುಭಾಷಿ ಮಾತು ಮುಂದುವರಿಸಿದ.

"ಸೌಟು ಪಡೆಯೋ ಪ್ರತಿಯೊಬ್ಬರೂ ಕರ ಕೊಡಲೇಬೇಕಲ್ಲ. ಮಗು ಸಣ್ಣದು, ಅದಕ್ಕೆ ಕೊಡ ಬೇಡ. ದಿನಕ್ಕೊಂದು ಚೊಂಬು ಸಾಕು."

ಸೌಟಿನವನು ಮೆಟ್ಟಿಲಿಳಿದು ಮನೆಗೆ ನಡೆದ.

ಮನೆಯಲ್ಲಿ ಹೆಂಡತಿ ಕೇಳಿದಳು. ಅವನು ಹೇಳಿದ. ಅವಳು ಬರಿದಾದ ಹಂಡೆಯನ್ನು ಒಲೆಯಿಂದ ಇಳಿಸಿ ಮೂಲೆಗೆ ಬೋರಲು ಹಾಕಿದಳು. ಆ ಸದ್ದಿಗೆ ಮಗು ಬೆಚ್ಚಿ ಅತ್ತಿತು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ.

ಮರುದಿನ ಬೆಳಿಗ್ಗೆ ಸೌಟಿನವನು ತನ್ನ ಕೊಡ ತಂದು ಸುರಿದ. ಮಗುವಿನ ಚೊಂಬು ತರಲಿಲ್ಲ. ಕಟ್ಟೆಯ ಮೇಲೆ ನಿಂತ. ಜನ ಬಂದರು. ಮೊದಲು ಬಂದವಳು ಅವನ ಎದುರುಮನೆಯವಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಕೊಡ ಸುರಿದಳು. ಕೊಡದ ಬಾಯಿ ಅವನ ಕಡೆ ಹಿಡಿದಳು.

ಅವನು ಉದ್ಧರಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಕೈ ಕಟ್ಟಿದ.

"ಹಾಕಣ್ಣ."

"ಇಲ್ಲ."

"ಇಲ್ಲ ಅಂದ್ರೆ?"

"ಹಾಕೋದಿಲ್ಲ."

ಅವಳು ಪಕ್ಕಕ್ಕೆ ಸರಿದು ನಿಂತಳು. ಹಿಂದಿನವನು ಸುರಿದು ಕೊಡ ಹಿಡಿದ. ಅವನಿಗೂ ಇಲ್ಲ. ಅವನೂ ಪಕ್ಕಕ್ಕೆ ಸರಿದ. ಕೊಡ ಸುರಿಯುವ ಸದ್ದು ಕೇಳಿತು. ಹನಿಯ ಸದ್ದು ಕೇಳಲಿಲ್ಲ. ಮತ್ತೆ ಕೊಡ ಸುರಿಯುವ ಸದ್ದು. ಅಂಗಳ ತುಂಬಿತು. ಊರಿಗೆ ಊರೇ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಿಂತಿತು.

ಈಗಲಾದರೂ ಮಹಡಿಯ ಕಡೆ ತಿರುಗಿ ಏನಾದರೂ ಕೇಳಿಯಾರು ಎಂದು ಸೌಟಿನವನು ಕಾದ. ಅವರು ಅವನ ಕಡೆಗೇ ತಿರುಗಿದರು.

"ನಿನ್ನ ಅಪ್ಪನ ಮನೆ ಗಂಟಾ ಅದು?" ಎಂದಳು ಎದುರುಮನೆಯವಳು. "ಕುಂಪಣಿಯವರು ನಮಗೆ ಅಂತ ಕೊಟ್ಟಿದ್ದು. ತಡೆಯೋಕೆ ನೀನ್ಯಾರು?"

"ದೊರೆ ಕೊಟ್ಟರೂ ಈ ಮುದುಕ ಕೊಡ್ತಿಲ್ಲ ನೋಡಿ" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಕದ್ದು ಮನೆಗೆ ಸಾಗಿಸ್ತಿರಬೇಕು. ಮಗಳು ಬಾಣಂತಿ ಅಲ್ವಾ."

ಸೌಟಿನವನಿಗೆ ಮೈ ಪರಚಿಕೊಳ್ಳುವಂತಾಯಿತು. ಕಟ್ಟೆಯ ಮೇಲಿಂದ ತೊಟ್ಟಿಯನ್ನು ತೋರಿಸಿದ. ನೀರು ಅಂಚಿನವರೆಗೆ ತುಂಬಿ ತುಳುಕುತ್ತಿತ್ತು.

"ನೀರು ತಾನೆ ಬೇಕಾಗಿರೋದು? ಅಗೋ ಇದೆ. ತುಂಬ್ಕೊಳ್ಳಿ."

ಹತ್ತಿರ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

"ಅದು ಕುಂಪಣಿ ನೀರು" ಎಂದಳು ಎದುರುಮನೆಯವಳು. ಅವಳ ದನಿ ಇಳಿದಿತ್ತು.

"ಈಗ ತಾನೆ ನೀನೇ ಸುರಿದದ್ದು."

"ಸುರಿಯೋವರೆಗೆ ನಂದು. ಸುರಿದ ಮೇಲೆ ಅವರದ್ದು. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ಸೌಟಿನವನು ಕಟ್ಟೆಯ ಮೇಲೆ ಕುಕ್ಕರಿಸಿದ. ಇವರಿಗೆ ಇನ್ನು ಏನು ಹೇಳುವುದು?

ದುಭಾಷಿ ಓಡಿ ಬಂದ. ಸೌಟಿನವನ ಸೊಂಟದಿಂದ ಉದ್ಧರಣೆ ಕಿತ್ತುಕೊಂಡ. ತಾನೇ ಹಾಕಲು ಹೋದ. ಕಟ್ಟೆಯಿಂದ ಬಗ್ಗಿ ನೀರೆತ್ತಿ ಅವನಿಗೆ ಅಭ್ಯಾಸವಿಲ್ಲ. ಅರ್ಧ ನೀರು ಅಂಗಿಗೆ ಬಿತ್ತು. ಉಳಿದದ್ದು ಕೊಡದ ಹೊರಗೆ ಬಿತ್ತು. "ನಂಗೆ ಬೀಳಲೇ ಇಲ್ಲ" ಎಂದು ಒಬ್ಬ ಮತ್ತೆ ಹಿಡಿದ. "ನನ್ನ ಸರದಿ" ಎಂದು ಇನ್ನೊಬ್ಬ ನುಗ್ಗಿದ. ಬಿಸಿಲು ಏರಿತು. ಹಡಗಿನವರು ಪೀಪಾಯಿ ಉರುಳಿಸಿಕೊಂಡು ನೀರಿಗೆ ಬಂದರು. ತೊಟ್ಟಿಯ ಹತ್ತಿರ ಹೋಗಲು ದಾರಿಯೇ ಇರಲಿಲ್ಲ.

ದೊರೆ ಇಳಿದು ಬಂದ. ಜನ ಯಾಕೆ ಹೋಗುತ್ತಿಲ್ಲ ಎಂದು ಕೇಳಿದ. ಮೊದಲ ದೊರೆ ಕೇಳಿದ್ದೂ ಇದನ್ನೇ. ದುಭಾಷಿ ಹೇಳಿದ್ದೂ ಅದನ್ನೇ. ಖಾಲಿ ಕೊಡ ಒಯ್ಯುವುದಿಲ್ಲ ದೊರೆ, ಆಚಾರ.

ಈ ದೊರೆ ನಗಲಿಲ್ಲ. ಅವನು ಯೋಚಿಸುವವನು. ಯೋಚಿಸಿ ಕೈ ತಟ್ಟಿದ. ದುಭಾಷಿ ಕಟ್ಟೆ ಹತ್ತಿ ಕೂಗಿ ಹೇಳಿದ.

"ಆಚಾರಕ್ಕೆ ಕುಂದು ಬರೋದು ಬೇಡ. ಕೊಡ ಇಲ್ಲೇ ಬಿಡಿ. ಬರಿಗೈಯಲ್ಲಿ ಹೋಗಿ. ಕೊಡವೇ ಇಲ್ಲ ಅಂದ ಮೇಲೆ ಖಾಲಿ ಕೊಡ ಎಲ್ಲಿಂದ ಬಂತು?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬ "ಅಹಾ" ಎಂದ. ಇನ್ನೊಬ್ಬ "ಏನು ತಲೆ ಅವರದ್ದು" ಎಂದ. ಕೊಡಗಳು ಗೋಡೆಯ ಬದಿಗೆ ಸಾಲಾಗಿ ಕೂತವು. ತಾಮ್ರದವು, ಹಿತ್ತಾಳೆಯವು, ಮಣ್ಣಿನವು. ಮದುವೆಯಲ್ಲಿ ತವರಿನಿಂದ ಬಂದವು, ಅಜ್ಜಿಯ ಹೆಸರು ಕೊರೆಸಿದವು. ಎಲ್ಲವೂ ಬಾಯಿ ತೆರೆದುಕೊಂಡು ಕೂತವು.

"ಸ್ವಾಮಿ, ನಾಳೆ ನೀರು ಯಾತರಲ್ಲಿ ತರೋದು?" ಎಂದು ಒಬ್ಬ ಕೇಳಿದ.

"ಬೆಳಿಗ್ಗೆ ಬನ್ನಿ. ಕುಂಪಣಿಯೇ ಕೊಡ ಬಾಡಿಗೆಗೆ ಕೊಡುತ್ತೆ. ಬಾಡಿಗೆ ಒಂದು ಚೊಂಬು ನೀರು."

"ಚೊಂಬು ನೀರು ಯಾತರಲ್ಲಿ ತರೋದು?"

"ಆ ಕೊಡದಲ್ಲೇ."

ಸರಿ ಎಂದು ಅವನು ಹೊರಟ. ಎಲ್ಲರೂ ಕೈ ಬೀಸಿಕೊಂಡು ಹೊರಟರು. ಬಾಗಿಲವನು ಪಕ್ಕಕ್ಕೆ ನಿಂತಿದ್ದ. ಇಣುಕಲು ಅವನಿಗೆ ಏನೂ ಇರಲಿಲ್ಲ.

ಹಡಗಿನವರು ಪೀಪಾಯಿ ತುಂಬಿಕೊಂಡರು, ತೊಟ್ಟಿ ಕಾಯುವವರು ಅವನ್ನು ಉರುಳಿಸಿಕೊಡಲು ದಂಡೆಗೆ ಹೋದರು. ಅಂಗಳದಲ್ಲಿ ಸೌಟಿನವನೊಬ್ಬ ಉಳಿದ. ದುಭಾಷಿ ಒದ್ದೆ ಅಂಗಿ ಹಿಂಡಿಕೊಳ್ಳುತ್ತಾ ಹೇಳಿದ, "ಖಾಲಿ ಕೊಡ ಇಲ್ಲ ಅಂದ ಮೇಲೆ ಸೌಟು ಬೇಡ. ಸೌಟು ಬೇಡ ಅಂದ ಮೇಲೆ ಸೌಟಿನವನೂ ಬೇಡ. ದೊರೆಗೆ ಖುಷಿಯಾಗಿದೆ. ಇಷ್ಟು ವರ್ಷದಲ್ಲಿ ಮೊದಲ ಉಳಿತಾಯ. ನಿನ್ನ ಕೊಡವನ್ನೂ ಆ ಸಾಲಿನಲ್ಲಿಟ್ಟು ಮನೆಗೆ ಹೋಗು."

ಅವನು ಮಹಡಿ ಹತ್ತಿ ಹೋದ. ಕಲ್ಲಿನ ಮೀನು ನೀರು ಉಗುಳುತ್ತಿತ್ತು.

ಸೌಟಿನವನು ತನ್ನ ಕೊಡ ಎತ್ತಿಕೊಂಡ. ಸಾಲಿನ ಕಡೆ ನಡೆದ. ನಾಲ್ಕು ಹೆಜ್ಜೆ ಹಾಕಿ ನಿಂತ. ಒಲೆಯಿಂದ ಇಳಿದು ಬೋರಲು ಬಿದ್ದ ಹಂಡೆ ನೆನಪಾಯಿತು. ಕತ್ತೆತ್ತಿದ. ಬಾಗಿಲ ಮೇಲೆ ಕೆತ್ತಿದ ಅಪ್ಪಣೆ ಕಂಡಿತು. ಹುಟ್ಟಿದಾಗಿನಿಂದ ಅದರ ಕೆಳಗೆ ಓಡಾಡಿದ್ದ. ಇವತ್ತು ಓದಿದ. ಒಂದೇ ಸಾಲು, ಖಾಲಿ ಕೊಡ ಈ ಬಾಗಿಲು ದಾಟಕೂಡದು. ಮತ್ತೊಮ್ಮೆ ಓದಿದ. ಅದರ ಕೆಳಗೆ ಬೇರೆ ಏನೂ ಕೆತ್ತಿರಲಿಲ್ಲ.

ಅವನು ತಿರುಗಿ ತೊಟ್ಟಿಯ ಹತ್ತಿರ ಬಂದ. ಕೊಡವನ್ನು ಕಂಠದವರೆಗೆ ಮುಳುಗಿಸಿದ. ಕೊಡ ಗುಳುಗುಳು ಎಂದು ತುಂಬಿತು. ಹೆಗಲಿಗೆ ಏರಿಸಿಕೊಂಡ. ನೀರು ತುಳುಕಿ ಬೆನ್ನು ನೆನೆಯಿತು. ನಡೆದ.

ಬಾಗಿಲವನು ಅಡ್ಡ ಬಂದ. ಮಾಮೂಲಿನಂತೆ ಕತ್ತು ಚಾಚಿದ. ಅಲುಗಿಸಲು ಕೈ ಹಾಕಿದ. ಕೊಡ ಅಲುಗಲಿಲ್ಲ. ಕೈ ಒದ್ದೆಯಾಯಿತು.

"ತುಂಬಾ ಇದೆಯಲ್ಲೋ."

"ಹೂಂ."

"ಹೀಗೆ ಯಾರೂ ಒಯ್ದಿಲ್ಲ."

"ನಿನ್ನ ಕೆಲಸ ಏನು?"

"ಖಾಲಿ ಇದೆಯಾ ನೋಡೋದು."

"ಖಾಲಿ ಇದೆಯಾ?"

ಬಾಗಿಲವನು ಮತ್ತೊಮ್ಮೆ ಇಣುಕಿದ. ನೀರಿನಲ್ಲಿ ಅವನ ಮುಖವೇ ಕಂಡಿತು. ಅಷ್ಟು ವರ್ಷದಲ್ಲಿ ಯಾವ ಕೊಡದಲ್ಲೂ ಅದು ಕಂಡಿರಲಿಲ್ಲ. ಅವನು ತಲೆಯ ಮೇಲಿನ ಅಪ್ಪಣೆ ನೋಡಿದ. ಮಹಡಿಯ ಕಡೆ ನೋಡಿದ.

"ಇಲ್ಲ" ಎಂದ. "ಖಾಲಿ ಇಲ್ಲ. ನಡಿ."

ಮನೆಯಲ್ಲಿ ಹೆಂಡತಿ ಕೊಡ ಕಂಡವಳೇ ಹಂಡೆ ಎತ್ತಿ ಒಲೆಗಿಟ್ಟಳು. ಬೆಂಕಿ ಊದಿದಳು. ಮಗಳು ಗೋಡೆಗೆ ಒರಗಿ ಕೂತಿದ್ದಳು.

"ಯಾರು ಕೊಟ್ಟರಪ್ಪ ಇಷ್ಟು ನೀರು?"

"ನಮ್ಮ ಬಾವಿದೇ."

ನೀರು ಕಾಯಿತು. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡಳು. ಎಣ್ಣೆ ತಿಕ್ಕಿದಳು. ಬಿಸಿನೀರು ಹೊಯ್ದಳು. ಮಗು ಒಮ್ಮೆ ಉಸಿರು ಹಿಡಿಯಿತು. ಆಮೇಲೆ ಮನೆಯ ಹೆಂಚು ಹಾರುವಂತೆ ಅತ್ತಿತು. ಹುಟ್ಟಿದ ಮೇಲೆ ಅದು ಅಷ್ಟು ಜೋರಾಗಿ ಅತ್ತಿದ್ದು ಅದೇ ಮೊದಲು. ಮಗಳು ನಕ್ಕಳು. ಅವಳಿಗೂ ಬೆನ್ನಿಗೆ ನೀರು ಬಿತ್ತು. ಹೊದಿಸಿ ಕೂರಿಸಿದರು. ಕೆಂಡಕ್ಕೆ ಸಾಂಬ್ರಾಣಿ ಹಾಕಿದರು.

ಬಚ್ಚಲ ನೀರು ಬೀದಿಗೆ ಹರಿಯಿತು. ಇನ್ನೂ ಬೆಚ್ಚಗಿತ್ತು, ಹಬೆಯಾಡುತ್ತಿತ್ತು. ಕೋಠಿಯಿಂದ ಬಂದವರು ಇನ್ನೂ ಬೀದಿಯಲ್ಲೇ ಗುಂಪುಗೂಡಿ ದೊರೆಯ ಬುದ್ಧಿಯನ್ನು ಹೊಗಳುತ್ತಿದ್ದರು. ನೀರು ಅವರ ಬರಿಗಾಲಿಗೆ ತಾಗಿತು. ಮಾತು ನಿಂತಿತು. ಸಾಂಬ್ರಾಣಿಯ ವಾಸನೆ ಬಂತು. ಈ ವರ್ಷ ಯಾವ ಬಾಣಂತಿಯ ಮನೆಯಿಂದಲೂ ಆ ವಾಸನೆ ಬಂದಿರಲಿಲ್ಲ.

ಸೌಟಿನವನು ಜಗಲಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಕೊಡ ಒಣಗುತ್ತಿತ್ತು. ಎದುರುಮನೆಯವಳು ಕಾಲ ಕೆಳಗಿನ ನೀರನ್ನು ನೋಡಿದಳು. ಕೊಡ ನೋಡಿದಳು. ಅವನ ಒದ್ದೆ ಬೆನ್ನು ನೋಡಿದಳು.

"ಬಾಗಿಲವನು ಬಿಟ್ಟನಾ?" ಎಂದಳು.

"ಖಾಲಿ ಇಲ್ಲ ಅಂದ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಠಿಯ ಕಡೆ ತಿರುಗಿದಳು.

"ಎಲ್ಲಿಗೆ ಹೊರಟೆ?" ಎಂದು ಗುಂಪಿನಲ್ಲಿ ಯಾರೋ ಕೇಳಿದರು.

"ನನ್ನ ಕೊಡ ತರೋಕೆ. ತವರಿನದ್ದು ಅದು."

"ಅದನ್ನ ಖಾಲಿ ತರೋ ಹಾಗಿಲ್ಲ."

"ಗೊತ್ತು" ಎಂದಳು ಅವಳು. ನಡೆದಳು.